ಹಗಲು ಬಿಸಿಲು, ರಾತ್ರಿ ಸಿಡಿಲು: ನಾರ್ತ್ ಡಕೋಟಾಕ್ಕೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ಮಗಳು ಅಮೆರಿಕದ ಫಾರ್ಗೊದಲ್ಲಿ ಓದುತ್ತಿದ್ದಾಳೆ. ಜೂನ್ ಕೊನೆಗೆ ನಾನೂ ನಮ್ಮ ಯಜಮಾನರೂ ಎರಡು ತಿಂಗಳಿಗೆ ಅಲ್ಲಿಗೆ ಹೊರಟಿದ್ದೇವೆ. ಹಿಮ ಬೀಳುವ ಊರು, ಸ್ವೆಟರ್ ಜಾಸ್ತಿ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳಿದರು. ಮೊನ್ನೆ ಮಗಳು ಒಂದು ಹವಾಮಾನ ನಕ್ಷೆ ಕಳಿಸಿದಳು. ಅವಳ ಊರಿನ ಮೇಲೆ ಹಳದಿ ಬಣ್ಣ, 'ಸ್ಲೈಟ್ ರಿಸ್ಕ್' ಅಂತ ಬರೆದಿತ್ತು. ಜೊತೆಗೆ 95 ಡಿಗ್ರಿ ಸೆಕೆಯಂತೆ. ಸ್ಲೈಟ್ ಅಂದರೆ ಸ್ವಲ್ಪ ತಾನೇ? ಹೆದರುವಂಥದ್ದೇನಿಲ್ಲ ಅಲ್ವಾ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಸ್ವೆಟರ್ ವಿಷಯ. ಒಂದು ಸಾಕು, ಉಳಿದ ಜಾಗಕ್ಕೆ ಹತ್ತಿ ಬಟ್ಟೆ ಹಾಕಿಕೊಳ್ಳಿ. 95 ಅನ್ನುವುದು ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಲೆಕ್ಕದಲ್ಲಿ 35. ಚಳಿಗಾಲದಲ್ಲಿ ಮೂಳೆ ಕೊರೆಯುವ ಅದೇ ರಾಜ್ಯದ ಸ್ಟೀಲ್ ಎಂಬ ಊರಿನಲ್ಲಿ 1936ರ ಜುಲೈ 6ರಂದು ಬಿಸಿಲು 49 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು.

35 ಏನು ಮಹಾ, ದಾವಣಗೆರೆಯಲ್ಲಿ ಏಪ್ರಿಲ್‌ನಲ್ಲಿ ಅದಕ್ಕಿಂತ ಜಾಸ್ತಿ ಕಂಡಿದ್ದೇವೆ ಅನ್ನಿಸಬಹುದು. ಆದರೆ ನಮ್ಮದು ಹೆಚ್ಚಾಗಿ ಒಣ ಬಿಸಿಲು. ಅಲ್ಲಿಯದು ಎಷ್ಟೋ ದಿನ ಮಂಗಳೂರಿನ ಸೆಕೆಯ ಹಾಗೆ, ಬೆವರು ಆರುವುದೇ ಇಲ್ಲ. ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ತೇವದ ಗಾಳಿ ಬಯಲಿನುದ್ದಕ್ಕೂ ತಡೆಯಿಲ್ಲದೆ ಮೇಲೆ ಬರುತ್ತದೆ. ಅದರ ಜೊತೆಗೆ ಮೆಕ್ಕೆಜೋಳ. ನಿಮ್ಮ ಊರಿನ ಸುತ್ತ ಮೆಕ್ಕೆಜೋಳದ ಹೊಲದೊಳಗೆ ನಡೆದವರಿಗೆ ಗೊತ್ತು, ಎದೆಯುದ್ದ ಬೆಳೆದ ಪೈರಿನ ನಡುವೆ ಉಸಿರುಗಟ್ಟಿದ ಹಾಗಾಗುತ್ತದೆ. ಅಂಥ ಹೊಲ ನೂರಾರು ಮೈಲಿ ಹಬ್ಬಿದ್ದು, ಪ್ರತಿ ಎಲೆಯೂ ನೀರನ್ನು ಗಾಳಿಗೆ ಬಿಡುತ್ತಿದೆ ಅಂದುಕೊಳ್ಳಿ. ಅಲ್ಲಿನವರು ಇದಕ್ಕೆ 'ಜೋಳದ ಬೆವರು' ಅಂತಲೇ ಹೇಳುತ್ತಾರೆ. ಗಾಳಿಯನ್ನು ಎಷ್ಟು ತಣ್ಣಗೆ ಮಾಡಿದರೆ ಇಬ್ಬನಿ ಕಟ್ಟುತ್ತದೋ ಆ ಉಷ್ಣತೆಗೆ ಇಬ್ಬನಿ ಬಿಂದು ಅನ್ನುತ್ತಾರೆ. ಅದು 24 ದಾಟಿದರೇ ಜೀವ ಬೇಯುತ್ತದೆ. ಫಾರ್ಗೊದಿಂದ ಹೊಳೆ ದಾಟಿದರೆ ಸಿಗುವ ಮೂರ್‌ಹೆಡ್‌ನಲ್ಲಿ 2011ರ ಜುಲೈ 19ರಂದು ಅದು 31ಕ್ಕೆ ಏರಿತ್ತು.

ಹಾಗಾಗಿ ಥರ್ಮಾಮೀಟರ್ ಅಂಕಿಯ ಜೊತೆ 'ಹೀಟ್ ಇಂಡೆಕ್ಸ್' ಕೂಡ ನೋಡಿ. ಹೊರಗೆ 35 ಡಿಗ್ರಿ, ಇಬ್ಬನಿ ಬಿಂದು 24 ಇದ್ದರೆ ಮೈಗೆ ಸುಮಾರು 41–42 ಇದ್ದ ಹಾಗೆ ಅನ್ನಿಸುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ಸೆಕೆಗಾಲದಲ್ಲಿ ಏನು ಮಾಡಬೇಕೆಂದು ಹೊರಡುವ ಮುಂಚೆಯೇ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.

ಈಗ ಹಳದಿ ಬಣ್ಣಕ್ಕೆ ಬರುತ್ತೇನೆ. ನಿಮ್ಮ ಎರಡು ಪ್ರಶ್ನೆಗಳು ನಿಜಕ್ಕೂ ಒಂದೇ. ಆ ಸೆಕೆಯೇ ರಾತ್ರಿಯ ಸಿಡಿಲಿಗೆ ಸೌದೆ.

ಬಿಸಿ ತೇವದ ಗಾಳಿ ಮೇಲೇರಿದರೆ ಗುಡುಗಿನ ಮೋಡ ಕಟ್ಟುತ್ತದೆ. ಆದರೆ ಅಲ್ಲಿ ನೆಲದಿಂದ ಒಂದೂವರೆ ಎರಡು ಕಿಲೊಮೀಟರ್ ಮೇಲೆ, ಪಶ್ಚಿಮದ ರಾಕಿ ಬೆಟ್ಟಗಳ ಕಡೆಯಿಂದ ಬಂದ ಬಿಸಿ ಒಣಗಾಳಿ ಹಾಸಿಕೊಂಡಿರುತ್ತದೆ. ಇದು ಮುಚ್ಚಳದ ಹಾಗೆ. ಕೆಳಗಿನ ಗಾಳಿ ಏರಲಾರದೆ ಇಡೀ ದಿನ ಕಾಯುತ್ತಲೇ ಇರುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ. 'ಮುನ್ಸೂಚನೆ ಸುಳ್ಳಾಯಿತು, ಸುಮ್ನೆ ಹೆದರಿಸಿದರು' ಅಂತ ಜನ ಮಾತಾಡಿಕೊಳ್ಳುವುದು ಇಂಥ ಮಧ್ಯಾಹ್ನಗಳಲ್ಲೇ. ಸಂಜೆ ತಂಪುಗಾಳಿಯೊಂದು ಬಂದು ಆ ಮುಚ್ಚಳ ಎತ್ತಿತೋ, ಒಂದೇ ಗಂಟೆಯಲ್ಲಿ 12–15 ಕಿಲೊಮೀಟರ್ ಎತ್ತರದ ಮೋಡ ನಿಂತಿರುತ್ತದೆ.

ನಮ್ಮ ಬೇಸಿಗೆ ಮಳೆ ಸಂಜೆ ನಾಲ್ಕೈದಕ್ಕೆ ಗುಡುಗಿ, ಕತ್ತಲಾಗುವ ಹೊತ್ತಿಗೆ ಸಾಮಾನ್ಯವಾಗಿ ತಣ್ಣಗಾಗುತ್ತದೆ. ಅಲ್ಲಿ ಹಾಗಲ್ಲ. ಜೂನ್ ಕೊನೆಯಲ್ಲಿ ಫಾರ್ಗೊದಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ಹತ್ತಿರ. ಕತ್ತಲಾದ ಮೇಲೆ ದಕ್ಷಿಣದಿಂದ ನೆಲಕ್ಕೆ ಹತ್ತಿರದಲ್ಲೇ ಜೋರು ಗಾಳಿ ಬೀಸಿ ಹೊಸ ತೇವ ತಂದು ಸುರಿಯುತ್ತದೆ. ಮೋಡಕ್ಕೆ ನಡುರಾತ್ರಿಯಲ್ಲೂ ಮೇವು ಸಿಗುತ್ತದೆ.

2025ರ ಜೂನ್ 20ರ ರಾತ್ರಿ 11ರ ಸುಮಾರಿಗೆ ಎಂಡರ್ಲಿನ್ ಹತ್ತಿರ ಸುಂಟರಗಾಳಿ ಎದ್ದಿತು. ಅದು ಫಾರ್ಗೊಗೆ ನೈಋತ್ಯದಲ್ಲಿ, ಸುಮಾರು 70 ಕಿಲೊಮೀಟರ್ ದೂರ. ಮೂವರು ತೀರಿಕೊಂಡರು. ರೈಲು ಬೋಗಿಗಳು ಹಳಿ ಬಿಟ್ಟು ಬಿದ್ದವು, ಖಾಲಿ ಟ್ಯಾಂಕರ್ ಬೋಗಿಯೊಂದನ್ನು ಗಾಳಿ ನೂರು ಮೀಟರಿಗೂ ಆಚೆ ಎಸೆದಿತ್ತು. ಆಮೇಲೆ ಅದನ್ನು ಇಎಫ್5, ಅಂದರೆ ಎಲ್ಲಕ್ಕಿಂತ ತೀವ್ರ ಸುಂಟರಗಾಳಿಯ ದರ್ಜೆಗೆ ಸೇರಿಸಿದರು. 2013ರ ನಂತರ ಅಮೆರಿಕದಲ್ಲಿ ಆ ದರ್ಜೆ ಪಡೆದ ಮೊದಲ ಸುಂಟರಗಾಳಿ ಅದು. 1957ರಲ್ಲಿ ಇದೇ ಜೂನ್ 20ರಂದು ಫಾರ್ಗೊ ಊರನ್ನೇ ಇನ್ನೊಂದು ಸುಂಟರಗಾಳಿ ಸೀಳಿಕೊಂಡು ಹೋಗಿತ್ತು. ಅದರ ಫೋಟೊಗಳನ್ನು ರಾಶಿ ಹಾಕಿಕೊಂಡು ಅಭ್ಯಾಸ ಮಾಡಿದವರು ಹವಾಮಾನ ವಿಜ್ಞಾನಿ ಟೆಡ್ ಫುಜಿಟಾ. ಇಎಫ್ ಅನ್ನುವುದರಲ್ಲಿ ಆ 'ಎಫ್' ಅವರ ಹೆಸರೇ.

ನಕ್ಷೆಯ ಮಾತಿಗೆ ಬಂದರೆ, ಅದನ್ನು ಮಾಡುವುದು ಓಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್. ಆಯಾ ದಿನದ ನಕ್ಷೆ ಐದು ಸಲ ಬದಲಾಗುತ್ತದೆ, ಬೆಳಿಗ್ಗೆ ನೋಡಿ ಬಿಟ್ಟರೆ ಸಾಲದು. ಐದು ಮೆಟ್ಟಿಲು: ಮಾರ್ಜಿನಲ್, ಸ್ಲೈಟ್, ಎನ್‌ಹಾನ್ಸ್ಡ್, ಮಾಡರೇಟ್, ಹೈ. ಹೆಸರುಗಳು ದಾರಿ ತಪ್ಪಿಸುತ್ತವೆ, ನೋಡಿ. 'ಮಾಡರೇಟ್' ಮಧ್ಯದ್ದಲ್ಲ, ಮೇಲಿನಿಂದ ಎರಡನೆಯದು. ಇಲ್ಲಿನ ಆರೆಂಜ್ ಅಲರ್ಟ್ ಅಳತೆಯಿಂದ ಅಲ್ಲಿನ ಬಣ್ಣ ಓದಲೂಬೇಡಿ. ಅವರು ಅಳೆಯುವುದು ಮಳೆಯನ್ನಲ್ಲ. ಗಂಟೆಗೆ 93 ಕಿಲೊಮೀಟರ್ ದಾಟಿದ ಗಾಳಿ, ಎರಡೂವರೆ ಸೆಂಟಿಮೀಟರ್ ದಪ್ಪದ ಆಲಿಕಲ್ಲು ಅಥವಾ ಸುಂಟರಗಾಳಿ, ಇವುಗಳನ್ನು.

ಗಾಳಿ ಅಥವಾ ಆಲಿಕಲ್ಲಿನ ಲೆಕ್ಕದಲ್ಲಿ ನಿಮ್ಮ ಹಳದಿಯ ಅರ್ಥ, ಮಗಳ ಮನೆಯ ಸುತ್ತ 40 ಕಿಲೊಮೀಟರ್ ಒಳಗೆ ಅಂಥದ್ದು ಆಗಲು ನೂರಕ್ಕೆ ಕನಿಷ್ಠ 15 ಸಾಧ್ಯತೆ ಇದೆ ಅಂತ. ಹೆದರಿ ಕೂರುವ ದಿನ ಅಲ್ಲ, ಫೋನ್ ಸೈಲೆಂಟ್ ಮಾಡಿ ಮಲಗುವ ದಿನವೂ ಅಲ್ಲ. 'ವಾಚ್', ಅಂದರೆ ಸುಂಟರಗಾಳಿ ಏಳಬಹುದು ಎಂಬ ಸೂಚನೆ ಬಂದರೆ ತಯಾರಾಗಿ. 'ವಾರ್ನಿಂಗ್', ಅಂದರೆ ಅದು ಎದ್ದಿದೆ ಅಥವಾ ಇನ್ನೇನು ಏಳಲಿದೆ ಎಂಬ ಎಚ್ಚರಿಕೆ ಬಂದರೆ ತಕ್ಷಣ ಕೆಳಗಿನ ನೆಲಮಾಳಿಗೆಗೆ ಇಳಿಯಿರಿ. ಅದಿಲ್ಲದಿದ್ದರೆ ಕೆಳ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಒಳಕೋಣೆ. ಹೋದ ಮೊದಲ ದಿನವೇ ಆ ಜಾಗ ಎಲ್ಲಿ ಅಂತ ಮಗಳಿಂದ ತೋರಿಸಿಕೊಳ್ಳಿ. ಕರೆಂಟ್ ಹೋದ ಕತ್ತಲಲ್ಲಿ ಹೊಸ ಮನೆಯ ಮೆಟ್ಟಿಲು ಹುಡುಕುವುದು ಕಷ್ಟ. ದಿಂಬಿನ ಪಕ್ಕ ಒಂದು ಟಾರ್ಚ್, ಮಂಚದ ಕೆಳಗೆ ಚಪ್ಪಲಿ ಇರಲಿ.

ಪ್ರಶ್ನೆ: ಸೌತ್ ಡಕೋಟಾದ ಸೂ ಫಾಲ್ಸ್‌ನಲ್ಲಿ ಆಕಾಶ ಹಸಿರಾದ ಫೋಟೊ ನೋಡಿದ್ದೆ. ಅದು ನಿಜವೇ? ಹಸಿರಾದರೆ ಆಲಿಕಲ್ಲು ಖಂಡಿತವೇ?
– ವಿದ್ಯಾರ್ಥಿ, ಧಾರವಾಡ

ಉತ್ತರ: ನಿಜ. 2022ರ ಜುಲೈ 5ರಂದು ನೂರಾರು ಕಿಲೊಮೀಟರ್ ಉದ್ದಕ್ಕೆ ಬಿರುಗಾಳಿ ಸಾಲಾಗಿ ಸಾಗಿ ಬಂದಿತ್ತು. ಅದಕ್ಕೆ ಡೆರೆಚೊ ಅನ್ನುತ್ತಾರೆ. ಇಳಿಬಿಸಿಲಿನ ಕೆಂಪು ಛಾಯೆಯ ಬೆಳಕು ನೀರು, ಮಂಜುಗಡ್ಡೆ ತುಂಬಿದ ದಪ್ಪ ಮೋಡದ ಮೂಲಕ ಹಾದು ಬಂದಾಗ ನಮ್ಮ ಕಣ್ಣಿಗೆ ಹಸಿರಾಗಿ ಕಾಣಬಹುದು. ಮೋಡ ತುಂಬ ಎತ್ತರ, ನೀರು ತುಂಬ ಇದೆ ಎಂಬ ಸುಳಿವು ಅಷ್ಟೇ. ಹಸಿರಾಗದೆಯೂ ಆಲಿಕಲ್ಲು ಬೀಳುತ್ತದೆ.

ಅಲ್ಲಿನ ಆಲಿಕಲ್ಲು ಎಷ್ಟು ದೊಡ್ಡದು ಗೊತ್ತೇ? ಅದೇ ರಾಜ್ಯದ ವಿವಿಯನ್ ಎಂಬ ಪುಟ್ಟ ಊರಿನಲ್ಲಿ 2010ರ ಜುಲೈ 23ರಂದು ಬಿದ್ದ ಒಂದು ಕಲ್ಲು 20 ಸೆಂಟಿಮೀಟರ್ ಅಗಲ ಇತ್ತು, ತೂಕ ಸುಮಾರು 880 ಗ್ರಾಂ. ಊರಿನವರೊಬ್ಬರು ಅದನ್ನು ಎತ್ತಿ ಫ್ರೀಜರ್‌ನಲ್ಲಿಟ್ಟಿದ್ದರು. ಬಿರುಗಾಳಿಗೆ ಕರೆಂಟ್ ಹೋಗಿ ಒಂದಿಷ್ಟು ಕರಗಿತ್ತು. ತೂಗಿದ್ದು ಕರಗಿ ಉಳಿದದ್ದನ್ನು.