ಒಂದೇ ಮುಖ, ಎರಡು ಇನಿಂಗ್ಸ್: ಜಾಂ ಗಾಬ್ಯಾಂ ಬಗ್ಗೆ ಓದುಗರು ಕೇಳಿದ್ದು

ಕಳೆದ ಸಲ ಹಳೇ ಫ್ರೆಂಚ್ ಸಿನಿಮಾಗಳ ಬಗ್ಗೆ ಪ್ರಶ್ನೆ ಕಳ್ಸಿ ಅಂದಿದ್ದೆ. ಬಂದಿದ್ರಲ್ಲಿ ಹೆಚ್ಚಿನವು ಒಬ್ಬನೇ ನಟನ ಮೇಲೆ. ಅದಕ್ಕೆ ಈ ಸಲ ಪೂರ್ತಿ ಅವನದ್ದೇ.

ಪ್ರಶ್ನೆ: ಸರ್, ಲಾಕ್‌ಡೌನ್ ಟೈಮಿಂದ ಹಳೇ ಸಿನಿಮಾ ನೋಡೋ ಹುಚ್ಚು ಹತ್ತಿದೆ. 'ಗ್ರ್ಯಾಂಡ್ ಇಲ್ಯೂಷನ್' ನೋಡಿದೆ, ಅದ್ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬೀಳೋ ಆಫೀಸರ್ ಆಗಿ ಮಾಡಿರೋ ನಟ ತುಂಬಾ ಇಷ್ಟ ಆದ್ರು. ಹೋದ ವಾರ 'ತುಶೆ ಪಾ ಓ ಗ್ರಿಸ್ಬಿ' ಅನ್ನೋ ಗ್ಯಾಂಗ್‌ಸ್ಟರ್ ಪಿಕ್ಚರ್ ನೋಡಿದ್ರೆ ಅದ್ರಲ್ಲೂ ಅದೇ ಹೆಸರು, ಆದ್ರೆ ಮನುಷ್ಯ ಬೇರೆ! ಕೂದಲು ನರೆತು, ಮೈ ದಪ್ಪ ಆಗಿ ಯಾರೋ ಯಜಮಾನ್ರ ಥರ ಇದ್ದಾರೆ. ಮಧ್ಯೆ ಇರೋದು 17 ವರ್ಷ ಅಷ್ಟೇ. ಏನಾಯ್ತು ಇವರಿಗೆ? ಕಾಯಿಲೆ ಏನಾದ್ರೂ? (ಬೆಂಗಳೂರಿಂದ ಒಬ್ಬರು)

ಉತ್ತರ: ಕಾಯಿಲೆ ಏನೂ ಇಲ್ಲ ಸರ್, ಯುದ್ಧ. ಸಿನಿಮಾದ ಯುದ್ಧ ಅಲ್ಲ, ನಿಜವಾದ್ದು.

ಮೊದಲು ಹೆಸರು. 'ಜೀನ್ ಗೇಬಿನ್' ಅಂತ ಟೈಪ್ ಮಾಡೋರಿದ್ದಾರೆ, ಪರ್ವಾಗಿಲ್ಲ, ಅರ್ಥ ಆಗುತ್ತೆ. ಫ್ರೆಂಚರ ಬಾಯಲ್ಲಿ ಅದು ಜಾಂ ಗಾಬ್ಯಾಂ, ಕೊನೇ ಅಕ್ಷರ ಮೂಗಲ್ಲೇ ಮುಗಿದುಹೋಗುತ್ತೆ. ಅಸಲಿ ಹೆಸರು ಜಾಂ ಅಲೆಕ್ಸಿ ಮೊಂಕೋರ್ಜೆ, ಹುಟ್ಟಿದ್ದು 1904ರಲ್ಲಿ ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಸಂಗೀತ, ಹಾಸ್ಯದ ಸ್ಟೇಜ್ ಶೋ ಮಾಡ್ಕೊಂಡು ಹೊಟ್ಟೆ ಹೊರೀತಿದ್ದವರು, 'ಗಾಬ್ಯಾಂ' ಅನ್ನೋದು ಅಪ್ಪ ಸ್ಟೇಜಿಗೆ ಅಂತ ಇಟ್ಕೊಂಡಿದ್ದ ಹೆಸರು. ಮಗನಿಗೆ ಈ ಬಣ್ಣ ಹಚ್ಚೋ ಕೆಲಸ ಸುತರಾಂ ಇಷ್ಟ ಇರ್ಲಿಲ್ಲ, ಸ್ಕೂಲ್ ಬಿಟ್ಟು ಕೂಲಿಗೀಲಿ ಮಾಡ್ಕೊಂಡಿದ್ದ, ಅಪ್ಪನೇ ಎಳ್ಕೊಂಡು ಹೋಗಿ ಸ್ಟೇಜಿಗೆ ಸೇರಿಸಿದ್ದು. ಆಮೇಲೆ ಪ್ಯಾರಿಸ್‌ನ ಹೆಸರಾಂತ ಡ್ಯಾನ್ಸ್ ಶೋ ಥಿಯೇಟರ್ ಮುಲ್ಯಾಂ ರೂಜ್‌ನಲ್ಲಿ ಹಾಡು, ಡ್ಯಾನ್ಸು, 1930ರಲ್ಲಿ ಟಾಕಿ ಸಿನಿಮಾ. 1935ರಿಂದ 1939ರ ಒಳಗೆ ಏರಿದ ಏಣಿ ನೋಡಿದ್ರೆ ತಲೆ ತಿರುಗುತ್ತೆ, 'ಲಾ ಬಂದೇರಾ', 'ಪೆಪೆ ಲ ಮೋಕೋ', 'ಗ್ರ್ಯಾಂಡ್ ಇಲ್ಯೂಷನ್', 'ಕೆ ದೇ ಬ್ರೂಮ್', 'ಲಾ ಬೆತ್ ಯುಮೇನ್', 'ಲ ಜೂರ್ ಸ ಲೆವ್', ಒಂದಾದ ಮೇಲೊಂದು. ಓಡಿಹೋದ ಸೈನಿಕ, ಫ್ಯಾಕ್ಟರಿ ಕೆಲಸಗಾರ, ಪೊಲೀಸ್ ಹುಡುಕ್ತಿರೋ ಕಳ್ಳ, ಯಾವ ಪಾತ್ರ ಕೊಟ್ರೂ ಮೈಗೆ ಬೆವರಿನ ವಾಸನೆ ಇರೋ ಮನುಷ್ಯ. ಇನ್ನೊಂದು, ಇವುಗಳಲ್ಲಿ 'ಗ್ರ್ಯಾಂಡ್ ಇಲ್ಯೂಷನ್' ಬಿಟ್ರೆ ಉಳಿದ ಎಲ್ಲಾದ್ರಲ್ಲೂ ಕೊನೇಲಿ ಸಾಯ್ತಾನೆ (ಸ್ಪಾಯ್ಲರ್ ಕೊಟ್ಟೆ ಅಂತ ಬೈಬೇಡಿ, 80 ವರ್ಷ ಆಗೋಯ್ತು). ಒಂದು ಸಣ್ಣ ವಿಷಯ, 'ಗ್ರ್ಯಾಂಡ್ ಇಲ್ಯೂಷನ್'ನಲ್ಲಿ ಹಾಕಿರೋ ಯೂನಿಫಾರ್ಮ್ ಕೋಟು ಕಾಸ್ಟ್ಯೂಮ್ ಅಂಗಡಿದಲ್ಲ, ಡೈರೆಕ್ಟರ್ ಜಾಂ ರೆನ್ವಾರ್ ಮೊದಲನೇ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದಾಗ ತಾವೇ ಹಾಕ್ಕೊಂಡಿದ್ದ ಕೋಟು.

ಆಮೇಲೆ 1940, ಜರ್ಮನ್ನರು ಪ್ಯಾರಿಸ್‌ಗೆ ಬಂದ್ರು. ಅವರ ಕೈಕೆಳಗೆ ಸಿನಿಮಾ ಮಾಡಲ್ಲ ಅಂತ ಗಾಬ್ಯಾಂ 1941ರಲ್ಲಿ ಅಮೆರಿಕಾಗೆ ಹೋದ. ಜೊತೆಗೆ ತಗೊಂಡು ಹೋಗಿದ್ದು ಏನು ಗೊತ್ತಾ, ಒಂದು ಸೈಕಲ್ಲು, ಒಂದು ಅಕಾರ್ಡಿಯನ್ನು. ಹಾಲಿವುಡ್‌ನಲ್ಲಿ ಎರಡೇ ಪಿಕ್ಚರ್, ಎರಡೂ ಹೇಳ್ಕೊಳ್ಳೋ ಹಾಗಿಲ್ಲ. ಅವನು ಪ್ಯಾರಿಸ್‌ನ ಗಲ್ಲಿ ಭಾಷೆ ಮಾತಾಡೋ ನಟ, ಇಂಗ್ಲಿಷ್‌ನಲ್ಲಿ ಮಾತಾಡ್ಸಿದ್ರೆ ಉಪ್ಪಿಲ್ಲದ ಸಾರು. ಅಲ್ಲಿ ದೊಡ್ಡ ಸಿನಿಮಾ ತಾರೆ ಮಾರ್ಲೀನ್ ಡೀಟ್ರಿಕ್ ಜೊತೆ ಪ್ರೀತಿ, ಸ್ಟುಡಿಯೋ ಸಂಬಳ, ಬಿಸಿಲು, ಯಾವುದಕ್ಕೂ ಕೊರತೆ ಇರ್ಲಿಲ್ಲ. ಸುಮ್ನೆ ಇದ್ದುಬಿಡಬಹುದಿತ್ತು, ಯಾರೂ ಕೇಳ್ತಿರ್ಲಿಲ್ಲ. ಅದೆಲ್ಲಾ ಬಿಟ್ಟು 1943ರಲ್ಲಿ ಜರ್ಮನ್ನರ ವಿರುದ್ಧ ದೇಶದ ಹೊರಗಿಂದ ಹೋರಾಡ್ತಿದ್ದ ಜನರಲ್ ದ ಗಾಲ್ ಅವರ ಫ್ರೀ ಫ್ರೆಂಚ್ ನೌಕಾಪಡೆಗೆ ಸೇರ್ಕೊಂಡ. ಆಗ ವಯಸ್ಸು 40ರ ಹತ್ತಿರ. ಸೇನೆಯವರು ಸ್ಟಾರ್ ಅಂತ ಒಂದು ಆಫೀಸ್ ಕೆಲಸ ಕೊಟ್ಟು ಕೂರಿಸೋದು ಸುಲಭ ಇತ್ತು, ಇವನು ಫ್ರಂಟ್‌ಗೇ ಹೋಗ್ಬೇಕು ಅಂತ ಹಠ ಹಿಡಿದು ಜನರಲ್ ಲಕ್ಲೇರ್ ಅವರ ಎರಡನೇ ಆರ್ಮರ್ಡ್ ಡಿವಿಷನ್‌ನಲ್ಲಿದ್ದ ನೌಕಾಪಡೆಯವರದ್ದೇ ರೆಜಿಮೆಂಟ್‌ನಲ್ಲಿ ಟ್ಯಾಂಕ್ ಕಮಾಂಡರ್ ಆದ. ಟ್ಯಾಂಕಿನ ಹೆಸರು 'ಸುಫ್ಲರ್ 2'. 1945ರಲ್ಲಿ ಮೊದಲು ರ್ವಾಯಾನ್ ಊರಿನ ಕಾಳಗ, ಅಲ್ಲಿಂದ ಜರ್ಮನಿ, ಹಿಟ್ಲರ್ ಬೆಟ್ಟದ ಮನೆ ಇದ್ದ ಬೆರ್ಕ್ಟೆಸ್‌ಗಾಡನ್‌ವರೆಗೂ ಹೋದ. ಪದಕಗಳೂ ಬಂದ್ವು.

ವಾಪಸ್ ಬಂದಾಗ ಆ ಹೊಂಬಣ್ಣದ ಕೂದಲು ಬೆಳ್ಳಗಾಗಿತ್ತು. 41 ವರ್ಷ. ನಿಮ್ಮ ಪ್ರಶ್ನೆಗೆ ಉತ್ತರ ಇದೇ, ಆದ್ರೆ ಕಥೆ ಇಲ್ಲಿಗೇ ನಿಲ್ಲಲ್ಲ. ಜನಕ್ಕೆ ಬೇಕಾಗಿದ್ದು ಹಳೇ ಗಾಬ್ಯಾಂ, ಬಂದಿದ್ದು ಇವನು. 1946ರಲ್ಲಿ ಡೀಟ್ರಿಕ್ ಜೊತೆ 'ಮಾರ್ತ್ಯಾಂ ರುಮಾನ್ಯಾಕ್' ಮಾಡಿದ, ಮಕಾಡೆ ಮಲಗ್ತು. ಅದಕ್ಕೋಸ್ಕರ ಇಬ್ಬರೂ ಬಿಟ್ಟುಕೊಟ್ಟ ಇನ್ನೊಂದು ಸಿನಿಮಾಗೆ ಹೊಸ ಹುಡುಗ ಈವ್ ಮೊಂತಾಂ ಬಂದ. ಪ್ರೀತಿನೂ ಮುರೀತು, 1949ರಲ್ಲಿ ದೊಮಿನಿಕ್ ಫೂರ್ನ್ಯೆ ಅವರನ್ನ ಮದುವೆ ಆಗಿ ಮೂರು ಮಕ್ಕಳು. 1951ರಲ್ಲಿ ವೆನಿಸ್ ಫೆಸ್ಟಿವಲ್‌ನಲ್ಲಿ ಬೆಸ್ಟ್ ಆ್ಯಕ್ಟರ್ ಕೊಟ್ರು, ಆದ್ರೂ ಥಿಯೇಟರ್ ಮುಂದೆ ಮೊದಲಿನ ಕ್ಯೂ ಇಲ್ಲ. ಫ್ರೆಂಚರು ಆ ಏಳೆಂಟು ವರ್ಷಕ್ಕೆ ಅವನ 'ಬೂದು ಕಾಲ' ಅಂತಾರೆ.

ಅದನ್ನ ಮುಗಿಸಿದ್ದು ನೀವು ನೋಡಿರೋ 1954ರ 'ಗ್ರಿಸ್ಬಿ'ನೇ. ಡೈರೆಕ್ಟರ್ ಜಾಕ್ ಬೆಕರ್ ಮಾಡಿದ ಜಾಣತನ ಏನಂದ್ರೆ ವಯಸ್ಸನ್ನ ಮುಚ್ಚೋಕೆ ಹೋಗ್ಲಿಲ್ಲ, ಅದನ್ನೇ ಕಥೆ ಮಾಡಿದ್ರು. ಆ ಫ್ಲ್ಯಾಟ್ ಸೀನ್ ನೆನಪಿದೆಯಾ? ಚಿನ್ನ ಕದ್ದಿರೋ ಇಬ್ಬರು ಹಳೇ ಗೆಳೆಯರು, ಹೊರಗಡೆ ಎದುರಾಳಿ ಗ್ಯಾಂಗು ಹುಡುಕ್ತಾ ಇದೆ, ಬೇರೆ ಯಾರೇ ಆಗಿದ್ರೂ ಇಲ್ಲಿ ಗುಂಡು ಹಾರಿಸೋರು. ಇಲ್ಲಿ ಏನಾಗುತ್ತೆ? ಗಾಬ್ಯಾಂ ಕಪಾಟಿಂದ ರಸ್ಕ್ ಥರದ್ದು ತೆಗೀತಾನೆ, ಪಾತೆ ಅನ್ನೋ ಮಾಂಸದ ಪೇಸ್ಟ್ ಸವರ್ತಾನೆ, ವೈನ್ ಬಗ್ಗಿಸ್ತಾನೆ, ಇಬ್ಬರೂ ಕೂತು ಕರುಂ ಕುರುಂ ಅಂತ ತಿಂತಾರೆ. ಗೆಳೆಯನಿಗೆ ಮುಖ ನೋಡ್ಕೋ, ಸುಕ್ಕು ನೋಡ್ಕೋ, ಹುಡುಗೀರ ಹಿಂದೆ ಓಡಾಡೋ ವಯಸ್ಸಾ ಇದು ಅಂತ ಬುದ್ಧಿ ಹೇಳಿ, ಪೈಜಾಮ ಕೊಟ್ಟು, ಹಲ್ಲುಜ್ಜಿ ಮಲಗ್ತಾರೆ. ಅಷ್ಟೇ. ನಾನು ಮೊದಲ ಸಲ ಫಿಲ್ಮ್ ಸೊಸೈಟಿ ಶೋನಲ್ಲಿ ನೋಡಿದಾಗ ಪಕ್ಕದಲ್ಲಿದ್ದ ಸ್ನೇಹಿತ ಬೋರ್ ಅಂತ ಟೀ ಕುಡಿಯೋಕೆ ಎದ್ದು ಹೋದ, ಇವತ್ತಿಗೂ ಅದನ್ನ ಹೇಳಿ ರೇಗಿಸ್ತೀನಿ. ಹಿಂದೆ ಸಿಟ್ಟು ಬಂದ್ರೆ ಸಿಡಿದೇಳ್ತಿದ್ದ ನಟ, ಈಗ ಎಲ್ಲಾ ನಿಧಾನ, ಕಣ್ಣು ರೆಪ್ಪೆ ಇಳಿಸಿದ್ರೆ ಸಾಕು ಎದುರಿಗಿರೋನು ಸುಮ್ಮನಾಗ್ತಾನೆ. ಅಂದಹಾಗೆ ಅದ್ರಲ್ಲಿ ವಿಲನ್ ಆಗಿರೋ ಲೀನೋ ವೆಂತೂರಾ ಕುಸ್ತಿಪಟು, ಅದೇ ಅವನ ಮೊದಲ ಸಿನಿಮಾ.

ಅಲ್ಲಿಂದ ಸೆಕೆಂಡ್ ಇನಿಂಗ್ಸ್, ಅದೂ ಮೊದಲನೇದಕ್ಕಿಂತ ಉದ್ದ. ಪೊಲೀಸ್ ಅಧಿಕಾರಿ ಮೆಗ್ರೆ ಆಗಿ ಮೂರು ಸಿನಿಮಾ, 'ಲೆ ಮಿಸೆರಾಬ್ಲ್' ಕಥೆಯ ನಾಯಕ ಜಾಂ ವಾಲ್ಜಾಂ ಪಾತ್ರ, ಮಿಶೆಲ್ ಓದಿಯಾರ್ ಬರೆದ ಡೈಲಾಗುಗಳು, ಹೊಸ ತಲೆಮಾರಿನ ಬೆಲ್ಮಾಂಡೋ ಜೊತೆ ಒಂದು, ಅಲೆನ್ ದೆಲೋನ್ ಜೊತೆ ಮೂರು. ನನ್ನ ಅಭಿಪ್ರಾಯ ಕೇಳಿದ್ರೆ 60ರ ದಶಕದ ಕೆಲವು ಸಿನಿಮಾಗಳಲ್ಲಿ ಮನುಷ್ಯ ಗಾಬ್ಯಾಂ ಆಗಿ ಕೂತಿರ್ತಾನೆ ಅಷ್ಟೇ, ನಟನೆ ಇಲ್ಲ. ಆದ್ರೆ 1971ರ 'ಲ ಶಾ' ನೋಡಿ, ಒಂದೇ ಮನೇಲಿದ್ದು ಮಾತು ಬಿಟ್ಟಿರೋ ಮುದಿ ಗಂಡ ಹೆಂಡ್ತಿ, ಹೆಂಡ್ತಿ ಪಾತ್ರದಲ್ಲಿ ಸಿಮೋನ್ ಸಿನ್ಯೊರೆ. ಬರ್ಲಿನ್ ಫೆಸ್ಟಿವಲ್‌ನಲ್ಲಿ ಇಬ್ಬರಿಗೂ ಪ್ರಶಸ್ತಿ ಬಂತು, ಕೊಡದೇ ಇದ್ದಿದ್ರೆ ಅನ್ಯಾಯ ಆಗ್ತಿತ್ತು.

ಪ್ರಶ್ನೆ: ನಮ್ಮ ಅಪ್ಪಾರು ರೈಲ್ವೇದಾಗ ಸ್ಟೀಮ್ ಎಂಜಿನ್ ಡ್ರೈವರ್ ಇದ್ರು ಸರ. 'ಲಾ ಬೆತ್ ಯುಮೇನ್' ನೋಡಿ ಅವರು ಅಂದ್ರು, ಈ ಮನಷ್ಯಾ ಆ್ಯಕ್ಟಿಂಗ್ ಮಾಡಾಕತ್ತಿಲ್ಲ, ಖರೇನ ಗಾಡಿ ಹೊಡ್ಯಾಕತ್ಯಾನ ಅಂತ. ಹೌದೇನ್ರಿ? (ಹುಬ್ಬಳ್ಳಿಯಿಂದ)

ಉತ್ತರ: ನಿಮ್ಮ ತಂದೆಯವರ ಕಣ್ಣಿಗೆ ನಮಸ್ಕಾರ. ಖರೇ. ಆ 1938ರ ಸಿನಿಮಾಗೋಸ್ಕರ ಗಾಬ್ಯಾಂ ರೈಲ್ವೆಯವರ ಹತ್ರ ಎಂಜಿನ್ ಓಡ್ಸೋದು ಕಲಿತ, ಪ್ಯಾರಿಸ್-ಲ ಆವ್ರ್ ಲೈನ್‌ನಲ್ಲಿ ಓಡ್ತಿರೋ ಗಾಡಿ ಮೇಲೇ ಶೂಟಿಂಗ್ ಮಾಡಿದ್ರು, ಸ್ಟುಡಿಯೋದಲ್ಲಿ ಹಿಂದೆ ಪರದೆ ಕಟ್ಟಿ ಮೋಸ ಮಾಡೋದು ಬೇಡ ಅಂದಿದ್ದು ರೆನ್ವಾರ್. ಶುರುವಿನ ಸೀನ್ ಇನ್ನೊಮ್ಮೆ ಅಪ್ಪಾರ ಜೊತೆ ಕೂತು ನೋಡಿ. ಡೈಲಾಗ್ ಅನ್ನೋದೇ ಇಲ್ಲ, ಆ ಸದ್ದಲ್ಲಿ ಮಾತು ಕೇಳಿಸಲ್ಲ, ಗಾಬ್ಯಾಂ ಮತ್ತೆ ಫೈರ್‌ಮನ್ ಆಗಿರೋ ಕಾರೆತ್ ಇಬ್ಬರೂ ಕೈಸನ್ನೆ, ಕಣ್ಸನ್ನೆಯಲ್ಲೇ ಕೆಲಸ ಮಾಡ್ತಾರೆ, ಒಬ್ಬ ಕಲ್ಲಿದ್ದಲು ತುಂಬ್ತಾನೆ, ಇನ್ನೊಬ್ಬ ಪಕ್ಕಕ್ಕೆ ಬಗ್ಗಿ ಹಳಿ ನೋಡ್ತಾನೆ. ಸುರಂಗ ಬರುತ್ತೆ, ಕತ್ತಲು, ಮತ್ತೆ ಬೆಳಕು. ಇದು ಅವನಿಗೆ ಬರೀ ಪಾತ್ರ ಆಗಿರ್ಲಿಲ್ಲ. ಬೆಳೆದಿದ್ದು ಪ್ಯಾರಿಸ್ ಹೊರಗಿನ ಮೆರಿಯೆಲ್ ಅನ್ನೋ ಊರಲ್ಲಿ, ರೈಲ್ವೆ ಲೈನ್ ಪಕ್ಕದ ಮನೇಲಿ, ಚಿಕ್ಕಂದಿನಲ್ಲಿ ಆಗ್ಬೇಕು ಅಂತಿದ್ದಿದ್ದೇ ಎಂಜಿನ್ ಡ್ರೈವರ್.

ಪ್ರಶ್ನೆ: ಅವನ ಮನೆಗೆ ರೈತರು ನುಗ್ಗಿದ್ರು ಅಂತ ಎಲ್ಲೋ ಓದಿದೆ. ಅಷ್ಟು ಕೆಟ್ಟ ಜಮೀನ್ದಾರನಾ? (ಮಂಡ್ಯದಿಂದ)

ಉತ್ತರ: ನುಗ್ಗಿದ್ದು ನಿಜ, 1962ರ ಜುಲೈನಲ್ಲಿ, ರಾತ್ರಿ ಹೊತ್ತು, ಸುಮಾರು 700 ಜನ. ಸಿನಿಮಾ ದುಡ್ಡಲ್ಲಿ ನಾರ್ಮಂಡಿಯಲ್ಲಿ ಜಮೀನು ತಗೊಂಡು ದನ, ರೇಸ್ ಕುದುರೆ ಸಾಕ್ತಿದ್ದ. ಆಗ ಅಲ್ಲಿನ ಯುವ ರೈತರಿಗೆ ಉಳೋಕೆ ಭೂಮಿ ಸಿಗ್ತಿರ್ಲಿಲ್ಲ, ಪೇಟೆ ದುಡ್ಡಿನವರು ಬಂದು ಫಾರ್ಮ್ ಮೇಲೆ ಫಾರ್ಮ್ ಕೊಳ್ತಿದ್ರೆ ನಾವೆಲ್ಲಿ ಹೋಗೋಣ ಅನ್ನೋದು ಅವರ ಮಾತು, ಎರಡು ಫಾರ್ಮ್ ಗೇಣಿಗೆ ಕೊಡು ಅಂತ ಕೇಳೋಕೆ ಬಂದಿದ್ರು. ಅವರ ಸಂಕಟ ಸುಳ್ಳಲ್ಲ. ಗಾಬ್ಯಾಂ ಕೋರ್ಟಿಗೆ ಹೋದ, ಆಮೇಲೆ ಕೇಸ್ ವಾಪಸ್ ತಗೊಂಡ. ಅವನಿಗೆ ಜಾಸ್ತಿ ಚುಚ್ಚಿದ್ದು ನೀನು ರೈತ ಅಲ್ಲ ಅಂದಿದ್ದು, ಯಾಕಂದ್ರೆ ಅವನು ತನ್ನನ್ನ ನಟ ಅನ್ನೋದಕ್ಕಿಂತ ರೈತ ಅಂತಾನೇ ಅಂದ್ಕೊಂಡಿದ್ದ.

ಪ್ರಶ್ನೆ: ಮಗಳ ಮನೆಗೆ ಪ್ಯಾರಿಸ್‌ಗೆ ಹೋಗ್ತಿದ್ದೀನಿ. ಅವರ ಸಮಾಧಿ ಎಲ್ಲಿದೆ, ಹೋಗಿ ಒಂದು ಹೂವು ಇಟ್ಟು ಬರೋಣ ಅಂತ. (ಮೈಸೂರಿಂದ ಒಬ್ಬ ತಾಯಿ)

ಉತ್ತರ: ಸಮಾಧಿ ಇಲ್ಲ ಅಮ್ಮ. 1976ರ ಏಪ್ರಿಲ್‌ನಲ್ಲಿ ಫ್ರೆಂಚ್ ಸಿನಿಮಾದ ದೊಡ್ಡ ಪ್ರಶಸ್ತಿ ಸೆಸಾರ್‌ನ ಮೊಟ್ಟಮೊದಲ ಸಮಾರಂಭಕ್ಕೆ ಅಧ್ಯಕ್ಷರಾಗಿದ್ರು, ಅದೇ ವರ್ಷ ನವೆಂಬರ್ 15ಕ್ಕೆ ಹಾರ್ಟ್ ಅಟ್ಯಾಕ್‌ನಿಂದ ಹೋಗ್ಬಿಟ್ರು, 72 ವರ್ಷ. ಚಿತಾಭಸ್ಮ ಸಮುದ್ರಕ್ಕೆ ಬಿಡ್ಬೇಕು ಅನ್ನೋದು ಅವರ ಆಸೆ, ಬ್ರೆಸ್ಟ್ ಬಂದರಿನಾಚೆ ನೌಕಾಪಡೆ ಹಡಗಿಂದ ಮಿಲಿಟರಿ ಗೌರವದ ಜೊತೆ ಬಿಟ್ರು. ಹಾಗಾಗಿ ಹೂವು ಇಡೋ ಜಾಗ ಇಲ್ಲ, ಹೋಗೋ ಜಾಗ ಇದೆ. ಪ್ಯಾರಿಸ್‌ನ ಗಾರ್ ದು ನಾರ್ ಸ್ಟೇಷನ್ನಿಂದ ಮೆರಿಯೆಲ್ ಕಡೆ ಹೋಗೋ ಎಚ್ ಲೈನ್ ಲೋಕಲ್ ಟ್ರೇನ್ ಸಿಗುತ್ತೆ, ಊರಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ, ದಿನಾ ತೆಗೆದಿರಲ್ಲ, ಮಗಳಿಗೆ ಹೇಳಿ ಮೊದಲೇ ವಿಚಾರಿಸ್ಕೊಳ್ಳಿ. ಮುಚ್ಚಿದ್ರೂ ಬೇಜಾರಿಲ್ಲ, ಚಿತ್ರಕಾರ ವ್ಯಾನ್ ಗೋ ಸಮಾಧಿ ಇರೋ ಓವೆರ್ ಅನ್ನೋ ಊರು ಅಲ್ಲೇ ಹತ್ರ, ತಂದಿರೋ ಹೂವು ಅಲ್ಲಿಡಬಹುದು. ಟ್ರೇನಲ್ಲಿ ಮಾತ್ರ ಕಿಟಕಿ ಪಕ್ಕದ ಸೀಟ್ ಹಿಡೀರಿ, ಆ ಹುಡುಗ ಬೇಲಿ ಹತ್ರ ನಿಂತು ನೋಡ್ತಿದ್ದಿದ್ದು ಅದೇ ಲೈನು.