ಮಾರ್ಕೆಟ್ ಒಡೆಯುವ ಮೊದಲು ನಮ್ಮನ್ನು ಕೇಳಬೇಕಲ್ವಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮಹಾನಗರ ಪಾಲಿಕೆ ಇರುವ ಊರು. ಹಳೇ ತರಕಾರಿ ಮಾರ್ಕೆಟ್ಟಿನಲ್ಲಿ ಅಪ್ಪನ ಕಾಲದಿಂದ ನಮ್ಮದೊಂದು ಮಳಿಗೆ ಇದೆ. ಈಗ ಅದನ್ನು ಒಡೆದು, ಪಾರ್ಕಿಂಗ್ ಸಮೇತ ನಾಲ್ಕು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಮೊನ್ನೆ ‘ಸಾರ್ವಜನಿಕ ಸಮಾಲೋಚನೆ’ ಅಂತ ಸಭೆ ಕರೆದರು. ಅದೂ ವ್ಯಾಪಾರದ ಹೊತ್ತಿನಲ್ಲಿ. ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ತೋರಿಸಿದರು, ಟೀ ಕೊಟ್ಟರು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರು. ಆ ಸಹಿ ಒಪ್ಪಿಗೆ ಅಂತಾಗುತ್ತಾ? ಈಗ ನಾವೇನು ಮಾಡಬಹುದು?

ಉತ್ತರ: ಹಾಜರಿ ಸಹಿ ಒಪ್ಪಿಗೆಯಾಗುವುದಿಲ್ಲ. ಆದರೆ ‘ಸಮಾಲೋಚನೆ ಮುಗಿದಿದೆ’ ಎಂದು ಕಡತದಲ್ಲಿ ಬರೆದುಕೊಳ್ಳಲು ಅದು ಸಾಕಾಗಬಹುದು. ಹಾಗಾಗಿ ಈ ವಾರವೇ ಆಯುಕ್ತರಿಗೆ ಒಂದು ಪತ್ರ ಕೊಡಿ. ಸಭೆಗೆ ಬಂದಿದ್ದೆವು, ಯೋಜನೆಗೆ ಒಪ್ಪಿಲ್ಲ, ನಡಾವಳಿಯ ಪ್ರತಿ ಕೊಡಿ: ಇಷ್ಟು ಬರೆದರೆ ಸಾಕು. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಮುಂದೆ ಯಾವ ಬೆಲೆಯೂ ಇರುವುದಿಲ್ಲ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಒಂದು ಸಂಗತಿ ಗೊತ್ತಾಗಬೇಕು. ಯೋಜನೆ ಈಗ ಎಲ್ಲಿಗೆ ಬಂದಿದೆ? ಮೊದಲು ಸಲಹಾ ಸಂಸ್ಥೆಗೆ ಕೆಲಸ ಒಪ್ಪಿಸುತ್ತಾರೆ. ಅವರು ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್ ಮಾಡುತ್ತಾರೆ. ಅದಕ್ಕೆ ಮಂಜೂರಾತಿ ಸಿಗುತ್ತದೆ. ಆಮೇಲೆ ಟೆಂಡರ್. ಡಿಪಿಆರ್ ಮಂಜೂರಾಗುವ ತನಕ ನಕ್ಷೆಯ ಗೆರೆ ಅಳಿಸಿ ಬರೆಯಬಹುದು. ಟೆಂಡರ್ ಆದ ಮೇಲೆ ಒಂದು ಮೆಟ್ಟಿಲು ಬದಲಿಸಿದರೂ ವೆಚ್ಚ ಏರುತ್ತದೆ, ಆಡಿಟ್ ಆಕ್ಷೇಪಣೆ ಬರುತ್ತದೆ. ಆಗ ಯಾವ ಎಂಜಿನಿಯರೂ ಅದಕ್ಕೆ ಕೈ ಹಾಕುವುದಿಲ್ಲ. ಜನರನ್ನು ಕರೆಯುವುದು ಮಾತ್ರ ಸಾಮಾನ್ಯವಾಗಿ ಆ ಹೊತ್ತಿಗೇ. ನನ್ನ ಮಟ್ಟಿಗೆ ಇದೇ ದೊಡ್ಡ ಅನ್ಯಾಯ.

ಬೆಂಗಳೂರಿನ ಸ್ಟೀಲ್ ಫ್ಲೈಓವರ್ ನೆನಪಿರಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ., ಸುಮಾರು 1,800 ಕೋಟಿ ರೂಪಾಯಿ, ಕಡಿಯಬೇಕಿದ್ದ ಮರಗಳು 800ಕ್ಕೂ ಹೆಚ್ಚು. ಅಷ್ಟು ದೊಡ್ಡ ಯೋಜನೆಗೆ ಜನರ ಅಭಿಪ್ರಾಯ ಅಂತ ಬಂದದ್ದು ಸುಮಾರು 300 ಇಮೇಲ್. ಅದರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ ಎಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೇಳಿತು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ರಸ್ತೆ ಬದಿಯಲ್ಲಿ ಮಾನವ ಸರಪಳಿ ಮಾಡಿದರು, ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆದರೆ ಅಂಥ ಹೋರಾಟ ಎಲ್ಲ ಊರಿನಲ್ಲೂ ಆಗುವಂಥದ್ದಲ್ಲ. ನೀವು ಡಿಪಿಆರ್ ಹಂತದಲ್ಲೇ ಒಳಗೆ ಹೋಗಬೇಕು.

ಅದಕ್ಕೆ ದಾರಿ ಮಾಹಿತಿ ಹಕ್ಕು. 2005ರ ಆ ಕಾಯ್ದೆಯ 4(1)(ಸಿ) ಕಲಮಿನ ಪ್ರಕಾರ, ಜನರ ಮೇಲೆ ಪರಿಣಾಮ ಬೀರುವ ದೊಡ್ಡ ತೀರ್ಮಾನಗಳ ವಿವರವನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲ ಅಂದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದ ಮೀರಬಾರದು. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅರ್ಜಿ ತಿರಸ್ಕಾರವಾಗುವುದು ಸುಲಭ. ಬೇರೆ ಬೇರೆ ಅರ್ಜಿಯಲ್ಲಿ ಡಿಪಿಆರ್, ಈಗಿನ ಕಟ್ಟಡದ ಗಟ್ಟಿತನದ ವರದಿ, ಪಾಲಿಕೆ ಸಭೆಯ ಠರಾವು, ವ್ಯಾಪಾರಿಗಳ ಪುನರ್ವಸತಿ ಯೋಜನೆ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕಿ. ಡಿಪಿಆರ್‌ನ ಸಾರಾಂಶ ಕನ್ನಡದಲ್ಲಿ ಬೇಕು ಅಂತಲೂ ಪಟ್ಟು ಹಿಡಿಯಿರಿ. ಪಾಲಿಕೆಯ ಆಡಳಿತ ಭಾಷೆ ಕನ್ನಡ.

ಪರಿಸರ ಅನುಮತಿಗೆ ಮೊದಲು ಸಾರ್ವಜನಿಕ ಅಹವಾಲು ನಡೆಯುತ್ತದೆ, ಅಲ್ಲಿ ಹೇಳೋಣ ಅಂತ ಕೆಲವರು ಕಾಯುತ್ತಾರೆ. ಕಾಯಬೇಡಿ. 2006ರ ಪರಿಸರ ಅಧಿಸೂಚನೆ ಕಟ್ಟಡ ಯೋಜನೆಗಳಿಗೆ ಆ ಅಹವಾಲಿನಿಂದ ವಿನಾಯಿತಿ ಕೊಟ್ಟಿದೆ.

ಈಗ ನಿಮ್ಮ ಕೈಯಲ್ಲೇ ಇರುವ ಕೆಲಸ. ಮಾರ್ಕೆಟ್ಟಿನ ಲೆಕ್ಕ ನೀವೇ ತೆಗೆಯಿರಿ. ನಕ್ಷೆ ಬರೆಯುವವರು ಬರುವುದು ಹಗಲಿನಲ್ಲಿ, ಒಂದೆರಡು ಗಂಟೆ. ಅವರಿಗೆ ಮಳಿಗೆ, ಓಣಿ, ಗೇಟು ಕಾಣುತ್ತದೆ. ಬೆಳಗಿನ ಜಾವ ಸೊಪ್ಪಿನ ಗಾಡಿ ಎಲ್ಲಿ ನಿಲ್ಲುತ್ತದೆ, ಹಮಾಲರು ಮೂಟೆ ಹೊತ್ತು ಯಾವ ಕಡೆಯಿಂದ ಬರುತ್ತಾರೆ, ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸಲು ನಲ್ಲಿ ಎಲ್ಲಿದೆ, ಆ ನೀರು ಎತ್ತ ಹರಿಯುತ್ತದೆ, ಉಳಿದ ಮಾಲನ್ನು ರಾತ್ರಿ ಎಲ್ಲಿ ಇಡುತ್ತಾರೆ? ಇದೆಲ್ಲ ನಕ್ಷೆಯಲ್ಲಿ ಬರುವುದೇ ಇಲ್ಲ. ಕೊನೆಗೆ ತರಕಾರಿಯವರಿಗೆ ಮೊದಲನೇ ಮಹಡಿ ಸಿಗುತ್ತದೆ. ಹತ್ತು ರೂಪಾಯಿ ಕೊತ್ತಂಬರಿಗೆ ಯಾವ ಗಿರಾಕಿ ಮೆಟ್ಟಿಲು ಹತ್ತುತ್ತಾರೆ ಹೇಳಿ? ಪ್ರತಿ ಸಾಲಿನಿಂದ ಒಬ್ಬರು ನೋಟ್‌ಬುಕ್ ಹಿಡಿದು ಒಂದು ವಾರ ಬರೆದಿಟ್ಟರೆ ಸಲಹಾ ಸಂಸ್ಥೆಯ ಬಳಿಯೂ ಇಲ್ಲದ ದಾಖಲೆ ನಿಮ್ಮಲ್ಲಿರುತ್ತದೆ.

ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ ವಾರ್ವಿಕ್ ಜಂಕ್ಷನ್ ಎಂಬ ದೊಡ್ಡ ಸಂತೆ ಪ್ರದೇಶ ಇದೆ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಪಾಲಿಕೆ ವ್ಯಾಪಾರಿಗಳ ಜೊತೆ ಕೂತು ಅದನ್ನು ಸುಧಾರಿಸಿತು. ಬಳಕೆಯಲ್ಲಿಲ್ಲದ ಒಂದು ಮೇಲ್ಸೇತುವೆಯನ್ನು ಗಿಡಮೂಲಿಕೆ ಮಾರುವವರಿಗೆ ಕೊಟ್ಟರು. ಅದೇ ಪಾಲಿಕೆ 2009ರಲ್ಲಿ, 1910ರಿಂದ ನಡೆಯುತ್ತಿದ್ದ ಅಲ್ಲಿನ ಬೆಳಗಿನ ಮಾರ್ಕೆಟ್ ಜಾಗದಲ್ಲಿ ಮಾಲ್ ಕಟ್ಟಲು ಹೊರಟಿತು. ವ್ಯಾಪಾರಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. ಮಾಲ್ ಬರಲಿಲ್ಲ. ಒಮ್ಮೆ ಕೂರಿಸಿ ಮಾತಾಡಿದ ಆಡಳಿತವೇ ಇನ್ನೊಮ್ಮೆ ಮರೆಯಬಹುದು. ಅದಕ್ಕೇ ನಿಮ್ಮ ಸಂಘ ಒಂದು ಸಭೆಗಷ್ಟೇ ಸೇರಿ ಚದುರಬಾರದು.

ಇನ್ನೊಂದು ಮಾತು, ಸ್ವಲ್ಪ ಕಹಿ. ‘ಒಡೆಯಬೇಡಿ’ ಅನ್ನುವುದೊಂದೇ ನಿಮ್ಮ ಬೇಡಿಕೆ ಆಗದಿರಲಿ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಅದೇ ಊರಿನ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಬಿತ್ತು. ಅಲ್ಲಿ ಒಡೆದು ಕಟ್ಟಬೇಕೋ, ಉಳಿಸಿ ದುರಸ್ತಿ ಮಾಡಬೇಕೋ ಅಂತ ಸಮಿತಿ, ವರದಿ, ಕೋರ್ಟು ಎನ್ನುತ್ತ ವರ್ಷಗಳು ಉರುಳಿದವು. ವ್ಯಾಪಾರಿಗಳು ಅಷ್ಟೂ ಕಾಲ ಭಯದಲ್ಲೇ ಅಂಗಡಿ ನಡೆಸಿದರು. ಹಾಗಾಗಿ ಕಟ್ಟಡದ ವರದಿ ಓದಿಯೇ ಮಾತಿಗೆ ಕೂರಿ. ಬೇಕಿದ್ದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವರನ್ನು ಕೇಳಿ.

ಒಡೆಯುವುದೇ ಸರಿ ಅಂತಾದರೆ, ಒಂದು ಇಟ್ಟಿಗೆ ಕೀಳುವ ಮೊದಲೇ ಲಿಖಿತ ಕರಾರು ಆಗಬೇಕು. ಯಾರಿಗೆ ಯಾವ ಮಹಡಿಯಲ್ಲಿ ಎಷ್ಟು ಅಡಿಯ ಮಳಿಗೆ, ಬಾಡಿಗೆ ಎಷ್ಟು, ತಾತ್ಕಾಲಿಕ ಜಾಗ ಎಲ್ಲಿ, ಕೆಲಸ ತಡವಾದರೆ ಪರಿಹಾರವೇನು. ತಾತ್ಕಾಲಿಕ ಶೆಡ್ಡಿನ ವಿಷಯದಲ್ಲಿ ತುಂಬಾ ಗಟ್ಟಿಯಾಗಿರಿ. ‘ಎರಡು ವರ್ಷ ಅಷ್ಟೇ’ ಅಂದದ್ದು ಎಷ್ಟಕ್ಕೆ ಮುಗಿಯುತ್ತದೋ ಹೇಳಲಾಗದು. ಅಷ್ಟರಲ್ಲಿ ಗಿರಾಕಿಗಳು ಬೇರೆ ಕಡೆ ಹೋಗಿಬಿಡುತ್ತಾರೆ.

ಪ್ರಶ್ನೆ: ಇದೇ ಮಾರ್ಕೆಟ್ ಹೊರಗೆ ನನ್ನ ಅತ್ತೆ ನೆಲದ ಮೇಲೆ ಕೂತು ಹೂವು ಮಾರುತ್ತಾರೆ. ಮಳಿಗೆ ಇಲ್ಲ, ಕಾಗದ ಇಲ್ಲ. ಅವರಿಗೇನಾದರೂ ಹಕ್ಕು ಇದೆಯಾ?

ಉತ್ತರ: ಖಂಡಿತ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗಾಗಿಯೇ ಬಂದದ್ದು. ಪಟ್ಟಣ ವ್ಯಾಪಾರ ಸಮಿತಿ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪ್ರಮಾಣಪತ್ರ ಇರುವವರನ್ನು ಸ್ಥಳಾಂತರಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಆ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಊರಿನಲ್ಲಿ ಸಮೀಕ್ಷೆ ಆಗಿದೆಯಾ, ಅತ್ತೆಯ ಹೆಸರು ಸೇರಿದೆಯಾ ಅಂತ ಪಾಲಿಕೆಯಲ್ಲಿ ಇವತ್ತೇ ವಿಚಾರಿಸಿ. ಮಳಿಗೆಯವರೂ ಇವರನ್ನು ಸಂಘಕ್ಕೆ ಸೇರಿಸಿಕೊಳ್ಳಲಿ. ಒಳಗಿನವರು, ಹೊರಗಿನವರು ಅಂತ ಜಗಳ ಹತ್ತಿದರೆ ಇಬ್ಬರೂ ಸೋಲುತ್ತಾರೆ.

ಪ್ರಶ್ನೆ: ನಾವು ಪಕ್ಕದ ಬೀದಿಯ ನಿವಾಸಿಗಳು, ವ್ಯಾಪಾರಿಗಳಲ್ಲ. ನಮ್ಮ ಮಾತು ಯಾರು ಕೇಳುತ್ತಾರೆ?

ಉತ್ತರ: ವಾರ್ಡ್ ಸಮಿತಿ ಕೇಳಬೇಕು. ಮಹಾನಗರ ಪಾಲಿಕೆ ಕಾಯ್ದೆ ಪ್ರಕಾರ ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ ಹತ್ತು ಸದಸ್ಯರ ಸಮಿತಿ ಇರಬೇಕು. ಅದರಲ್ಲಿ ಮೂವರು ಮಹಿಳೆಯರು, ಇಬ್ಬರು ನಿವಾಸಿ ಸಂಘದವರು. ನಿಮ್ಮ ವಾರ್ಡಿನಲ್ಲಿ ಸಮಿತಿ ರಚನೆಯೇ ಆಗಿಲ್ಲ ಅಂದರೆ ಮೊದಲು ಅದನ್ನು ಬರವಣಿಗೆಯಲ್ಲಿ ಕೇಳಿ. (ಬೆಂಗಳೂರಿಗೆ ಈಗ ಬೇರೆಯೇ ಕಾಯ್ದೆ ಇದೆ, ಅಲ್ಲೂ ವಾರ್ಡ್ ಸಮಿತಿ ಉಂಟು.) ಜಾಗದ ಬಳಕೆ ಬದಲಾಗುತ್ತಿದೆಯಾ ಅಂತಲೂ ನೋಡಿ. ಬದಲಾವಣೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯುತ್ತಾರೆ. ಒಳಪುಟದ ಮೂಲೆಯಲ್ಲಿ ಬರುವ ಆ ಸಣ್ಣ ಅಕ್ಷರದ ಪ್ರಕಟಣೆಗಳನ್ನು ದಿನವೂ ನೋಡಲು ಸಂಘದಲ್ಲಿ ಒಬ್ಬರಿಗೆ ಹೊಣೆ ಕೊಡಿ. ಆಕ್ಷೇಪಣೆ ಬರೆಯುವಾಗ ‘ತೊಂದರೆ ಆಗುತ್ತದೆ’ ಅಂತ ಬಿಡಬೇಡಿ. ಬೀದಿಯ ಅಗಲ ಎಷ್ಟು, ಬೇಸ್‌ಮೆಂಟಿನಿಂದ ವಾಹನ ಎಲ್ಲಿ ಹೊರಬರುತ್ತದೆ, ಮಳೆನೀರಿನ ಚರಂಡಿ ಈಗಲೇ ಎಲ್ಲಿ ತುಂಬಿ ಹರಿಯುತ್ತದೆ ಎಂದು ಅಳತೆ, ಫೋಟೊ ಸಮೇತ ಕೊಡಿ.