ಸೂಟಿಯ ಲೆಕ್ಕದಲ್ಲಿ ಬರೆಯದೆ ಬಿಟ್ಟ ಖರ್ಚು

ಓದುಗರ ಪತ್ರ

‘ಸಂಪಾದಕರಿಗೆ ನಮಸ್ಕಾರ. ನಾವು ಬಾಗಲಕೋಟೆ ನವನಗರದವರು. ನಮ್ಮ ಮನೆಯವರು ಗುಮಾಸ್ತರು, ಪಗಾರ ಕೈಗೆ ಬರೋದು 34 ಸಾವಿರ. ಮಗಳು ಏಳನೆಯ ಇಯತ್ತೆ, ಮಗ ನಾಲ್ಕನೆಯದು. ಹಿಂದಿನ ಮನೆಯವರು ಈ ಸಲ ಸೂಟಿಗೆ ಕಾಶ್ಮೀರಕ್ಕೆ ಹೋಗಿ ಬಂದರು. ಅವರ ಫೋಟೋ ನೋಡಿದಾಗಿಂದ ನಮ್ಮ ಮನೆಯವರು, “ನಾವೂ ಹೋಗೋಣ. 1 ಲಕ್ಷ 20 ಸಾವಿರ ಆಗ್ತದ, ಕಾರ್ಡಿನ ಮ್ಯಾಲ ತಗೊಂಡು ವರ್ಷದಾಗ ಕಂತಿನಾಗ ತೀರಿಸೋಣ” ಅಂತಾರ. ನಾನು ಬೇಡ ಅಂದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ನಾಲ್ಕು ದಿನ ತಿರುಗೋಣ, ರಾತ್ರಿ ಮನೆಗೇ ಬರೋಣ, ಬುತ್ತಿ ನಾನೇ ಕಟ್ಟಿಕೊಳ್ತೀನಿ, ಎರಡು ಸಾವಿರದಾಗ ಮುಗೀತದ ಅಂದೆ. “ಅವೆಲ್ಲ ಸಾಲಿ ಹುಡುಗರು ಟ್ರಿಪ್ಪಿಗೆ ಹೋಗೋ ಜಾಗ” ಅಂದರು. ಎಂಟು ದಿನದಿಂದ ಮನೆಯಲ್ಲಿ ಮಾತು ಕಡಿಮೆಯಾಗಿದೆ. ನಂದು ತಿಳಿವಳಿಕೆಯೋ ಜಿಪುಣತನವೋ, ನೀವೇ ಹೇಳ್ರಿ.’

(ಪತ್ರದ ಹಿಂಬದಿಗೆ ಪೆನ್ಸಿಲ್ಲಿನಲ್ಲಿ, ದುಂಡಗಿನ ಅಕ್ಷರದಲ್ಲಿ: ‘ನನಗ ಸಮುದ್ರ ನೋಡಬೇಕಾಗೇದ.’)

ಸಂಪಾದಕರ ಉತ್ತರ

ಪ್ರಿಯ ತಂಗಿ,

ನಿಮ್ಮ ಪತ್ರ ಮೊದಲ ಸಲ ಓದಿದಾಗ ನೀವೇ ಸರಿ ಅನ್ನಿಸಿತು. ನಾಲ್ಕು ಸಾಲಿನ ಉತ್ತರವೂ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಮರುದಿನ ಮತ್ತೆ ಓದಿದೆ. ‘ಬುತ್ತಿ ನಾನೇ ಕಟ್ಟಿಕೊಳ್ತೀನಿ’ ಎಂಬಲ್ಲಿ ಕಣ್ಣು ನಿಂತಿತು, ಮುಂದೆ ಹೋಗಲಿಲ್ಲ. ಅದಕ್ಕೇ ಈ ಉತ್ತರ ತಡವಾಯಿತು, ಉದ್ದವೂ ಆಯಿತು.

ಮೊದಲು ಸಾಲದ ಮಾತು. ವರ್ಷಕ್ಕೆ ನೂರಕ್ಕೆ 16ರ ಬಡ್ಡಿ ಹಿಡಿದು ಲೆಕ್ಕ ಹಾಕಿದೆ. 1,20,000 ರೂಪಾಯಿಗೆ ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ ಸುಮಾರು 10,890 ಬರುತ್ತದೆ. ಕಾರ್ಡಿನ ಕಂತಾದ್ದರಿಂದ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಬೇರೆ. ಎಲ್ಲ ಕೂಡಿ ಹನ್ನೆರಡೂವರೆ ಸಾವಿರ ಹೆಚ್ಚಿಗೆ ಕೊಟ್ಟಂತಾಯಿತು. ಆ ಹನ್ನೆರಡೂವರೆ ಸಾವಿರದ ಚಿಂತೆ ನನಗಿಲ್ಲ. 34 ಸಾವಿರದ ಪಗಾರದಲ್ಲಿ ಮೂರರಲ್ಲೊಂದು ಪಾಲು ಒಂದು ವರ್ಷ ಮನೆಗೆ ಬರುವುದೇ ಇಲ್ಲ, ಚಿಂತೆ ಅದರದು. ಜೂನ್‌ನಲ್ಲಿ ಸಾಲಿ ಫೀಸು ಬರುತ್ತದೆ, ಪಂಚಮಿ ಬರುತ್ತದೆ, ದೀಪಾವಳಿ ಬರುತ್ತದೆ. ನಡುವೆ ಒಬ್ಬರಿಗೆ ಜ್ವರ ಬಂದು, ಒಂದು ತಿಂಗಳು ಕಾರ್ಡಿನ ಬಿಲ್ಲು ಪೂರ್ತಿ ಕಟ್ಟಲಾಗಲಿಲ್ಲ ಅನ್ನಿ. ಉಳಿದ ಬಾಕಿಯ ಮೇಲೆ ತಿಂಗಳಿಗೇ ಮೂರು, ಮೂರೂವರೆ ಪ್ರತಿಶತದ ಬಡ್ಡಿ ಬೀಳಲು ಶುರುವಾಗುತ್ತದೆ. ವರ್ಷಕ್ಕೆ ಗುಣಿಸಿದರೆ ಅದು ನಲವತ್ತರ ಆಸುಪಾಸು. ನಮ್ಮ ಹಳ್ಳಿಗಳಲ್ಲಿ ‘ಮೀಟರ್ ಬಡ್ಡಿ’ ಎಂದು ಬೈಯುವ ಸಾಹುಕಾರನ ದಾರಿಯಲ್ಲೇ ಅದೂ ನಡೆಯುವುದು.

ಇದನ್ನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನಮ್ಮ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಓಣಿಯ ನಾಲ್ಕು ಮನೆಯವರು ಉತ್ತರ ಭಾರತಕ್ಕೆ ಹೊರಟರು, ನಾವೂ ಒಂದು ಸೊಸೈಟಿಯಲ್ಲಿ ಸಾಲ ತೆಗೆದು ಹೊರಟೆವು. ಹನ್ನೊಂದು ದಿನದ ಪ್ರವಾಸ. ಕರೆದೊಯ್ದವರು ದಿನಕ್ಕೆ ಮೂರು ಊರು ತೋರಿಸುತ್ತಿದ್ದರು, ಒಂದೊಂದು ಕಡೆ ಅರ್ಧ ತಾಸು. ಹಿಮ ನೋಡಿದ್ದು ಖರೆ. ಆದರೆ ಇಷ್ಟು ವರ್ಷದ ಮೇಲೆ ಕಣ್ಣಿಗೆ ಕಟ್ಟಿದ ಹಾಗೆ ಉಳಿದಿರುವುದು ಹಿಮವಲ್ಲ. ರಾತ್ರಿ ನಾನು, ಮಕ್ಕಳು ಮಲಗಿದೆವು ಎಂದುಕೊಂಡು ನಮ್ಮ ಮನೆಯವರು ಲಾಡ್ಜಿನ ಮಂಚದ ತುದಿಗೆ ಕೂತು, ಉಳಿದ ನೋಟುಗಳನ್ನು ಸದ್ದಾಗದಂತೆ ಎಣಿಸುತ್ತಿದ್ದರು. ಅದೇ ಉಳಿದಿದೆ. ಆ ವರ್ಷ ಮಳೆಗಾಲದಲ್ಲಿ ಮಗಳಿಗೆ ಟೈಫಾಯ್ಡ್ ಆಯಿತು. ಸಾಲದ ಕಂತು ತಪ್ಪಿಸುವಂತಿರಲಿಲ್ಲ, ನನ್ನ ಬಳೆ ಒತ್ತೆಗೆ ಹೋದವು. ಬಳೆ ತಿರುಗಿ ಬಂದವು. ಎಣಿಸುತ್ತಿದ್ದ ಆ ಕೈ ಮಾತ್ರ ಮರೆಯಲಾಗಲಿಲ್ಲ.

ಹಾಗಂತ ನಿಮ್ಮ ಮನೆಯವರನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಬೇಡಿ. ಕಾಶ್ಮೀರ ನೋಡುವ ಆಸೆಯಲ್ಲಿ ಕೆಡುಕೇನಿದೆ? ತಾನು ದುಡಿದದ್ದು ಹೆಂಡತಿ ಮಕ್ಕಳ ಮುಖದಲ್ಲಿ ಕಾಣಬೇಕು ಎಂದು ಗಂಡಸಿಗೆ ಅನ್ನಿಸುತ್ತದೆ. ಹಿಂದಿನ ಮನೆಯ ಫೋಟೋ ನೋಡಿದಾಗ ಅವರಿಗೆ ನೆನಪಾದದ್ದು ಮಂಜಿನ ಗುಡ್ಡವೊಂದೇ ಇರಲಿಕ್ಕಿಲ್ಲ. ‘ನನ್ನ ಮಕ್ಕಳಿಗೆ ನಾನೇನು ತೋರಿಸಿದೆ’ ಎಂಬ ಪ್ರಶ್ನೆಯೂ ಬಂದಿರಬೇಕು. ಅದನ್ನು ನೀವು ‘ಬೇಡ’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಬಿಟ್ಟಿರಿ. ಎಂಟು ದಿನದ ಮೌನ ಅಲ್ಲಿಂದ ಹುಟ್ಟಿದ್ದು ಎಂದು ನನ್ನ ಅನಿಸಿಕೆ.

ಈಗ ಬುತ್ತಿಗೆ ಬರುತ್ತೇನೆ. ನನ್ನ ಉತ್ತರ ಇರುವುದೇ ಇಲ್ಲಿ.

ನಾವೆಲ್ಲ ಎಳ್ಳಮವಾಸಿಗೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿದವರು. ನಾನು ಸಣ್ಣವಳಿದ್ದಾಗ ವರ್ಷದಲ್ಲಿ ನಮಗಿದ್ದ ದೊಡ್ಡ ಸೂಟಿ ಅದೇ. ಕೊಲ್ಲಾರಿ ಬಂಡಿ, ಎತ್ತಿನ ಕೊರಳ ಗೆಜ್ಜೆ, ಎದೆಯೆತ್ತರ ನಿಂತ ಬಿಳಿಜೋಳ, ಬನ್ನಿಗಿಡದ ನೆರಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ, ಗಡಿಗೆ ತುಂಬ ಮೊಸರು. ಊಟವಾದ ಮೇಲೆ ನಾವು ಹುಡುಗರು ಕಡಲೆಗಿಡದ ಸುಲಗಾಯಿ ಕಿತ್ತು ತಿನ್ನುತ್ತ ಓಡಾಡುತ್ತಿದ್ದೆವು. ಅವ್ವ ಬನ್ನಿಗಿಡದ ಕೆಳಗೆ ಸೆರಗು ಹಾಸಿ ಮಲಗಿಬಿಡುತ್ತಿದ್ದಳು. ಅವ್ವನಿಗೆ ಹೊಲದ ಗಾಳಿ ಎಂದರೆ ಎಷ್ಟು ಪ್ರೀತಿ ಎಂದು ನಾನು ತಿಳಿದಿದ್ದೆ. ನನ್ನದೇ ಮನೆಯಲ್ಲಿ ನಾನು ಚರಗದ ಅಡುಗೆ ಮಾಡಿದ ಮೊದಲ ವರ್ಷ ತಿಳಿಯಿತು. ಅವ್ವ ನಸುಕಿನ ಮೂರಕ್ಕೆ ಎದ್ದು ಒಲೆ ಮುಂದೆ ಕೂತವಳು, ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು. ಅವಳು ಮಲಗುತ್ತಿದ್ದದ್ದು ದಣಿದು.

ಆ ಹಬ್ಬದ ಖರ್ಚು ಎಷ್ಟು ಎಂದು ಕೇಳಿದರೆ ಅಪ್ಪ ‘ಏನೂ ಇಲ್ಲ, ಎಲ್ಲ ಮನೆಯಾಗಿಂದ’ ಅನ್ನುತ್ತಿದ್ದರು.

ನಿಮ್ಮ ಎರಡು ಸಾವಿರದ ಲೆಕ್ಕವೂ ಹೀಗೇ ಇದೆ, ತಂಗಿ. ನಾಲ್ಕು ದಿನ, ನಾಲ್ಕು ಜನ, ಎರಡೆರಡು ಹೊತ್ತು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿ ಕಟ್ಟಿ, ನೀರಿನ ಬಾಟಲಿ ತುಂಬಿ ಹೊರಡುವುದು. ಇಡೀ ದಿನ ಬಿಸಿಲಲ್ಲಿ ತಿರುಗಿ, ರಾತ್ರಿ ಬಂದು ಅದೇ ಡಬ್ಬಿ ತಿಕ್ಕುವುದು. ನಿಮ್ಮ ಮನೆಯವರು ಮುಂದಿನ ವರ್ಷದ ಪಗಾರದಿಂದ ಕಡ ತಂದು ಸೂಟಿ ಮಾಡಬೇಕೆಂದರು. ನೀವು ನಿಮ್ಮ ನಿದ್ದೆಯಿಂದ, ನಿಮ್ಮ ರಟ್ಟೆಯಿಂದ ಕಡ ತರಬೇಕೆಂದಿರಿ. ಅವರ ಸಾಲಕ್ಕೆ ಬ್ಯಾಂಕು ಚೀಟಿ ಕಳಿಸುತ್ತದೆ. ನಿಮ್ಮದಕ್ಕೆ ಯಾರೂ ಕಳಿಸುವುದಿಲ್ಲ, ಆದ್ದರಿಂದ ಅದು ಉಳಿತಾಯದ ಹಾಗೆ ಕಾಣುತ್ತದೆ. ನಿಮ್ಮದು ಜಿಪುಣತನ ಖಂಡಿತ ಅಲ್ಲ. ಜಿಪುಣರು ಬೇರೆಯವರಿಗೆ ಕೊಡುವುದರಲ್ಲಿ ಹಿಡಿಯುತ್ತಾರೆ. ನೀವು ಹಿಡಿದದ್ದು ನಿಮಗೇ ಸಿಗಬೇಕಾದ ವಿಶ್ರಾಂತಿಯನ್ನು.

ಹಾಗಾಗಿ ನೀವು ಹೇಳಿದ ಊರುಗಳಿಗೇ ಹೋಗಿ, ಆದರೆ ಬುತ್ತಿ ಬೇಡ. ರಾತ್ರಿ ಮನೆಗೆ ಓಡಿ ಬರುವುದೂ ಬೇಡ. ಬಾದಾಮಿಯಲ್ಲಿ ಎರಡು ರಾತ್ರಿ ರೂಮು ಹಿಡಿಯಿರಿ. ಖಾನಾವಳಿಯಲ್ಲಿ ಉಣ್ಣಿರಿ. ಬೇರೊಬ್ಬರು ಬಡಿದ ರೊಟ್ಟಿ ಬಿಸಿಬಿಸಿಯಾಗಿ ನಿಮ್ಮ ತಾಟಿಗೆ ಬೀಳಲಿ, ಇನ್ನೊಂದು ಬೇಕೆಂದು ನೀವು ಕೇಳಿರಿ. ಹತ್ತು ಸಾವಿರದೊಳಗೆ ಆಗುತ್ತದೆ. ಎರಡು ಸಾವಿರಕ್ಕಿಂತ ಹೆಚ್ಚಾದ ಆ ದುಡ್ಡು ದುಂದಲ್ಲ.

ಒಂದು ಮಾತು: ಈ ಬೇಸಿಗೆಯಲ್ಲಿ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬಾದಾಮಿಯ ಕೆಂಪು ಬಂಡೆ ಸಂಜೆಯಾದರೂ ಝಳ ಬಿಡುತ್ತಿರುತ್ತದೆ, ಮಕ್ಕಳು ಹೈರಾಣಾಗುತ್ತಾರೆ. ದಸರಾ ಸೂಟಿಗೆ ಹೋಗಿ. ಮಳೆ ಹಿಂದಾಗಿರುತ್ತದೆ, ಅಗಸ್ತ್ಯತೀರ್ಥ ಕೆರೆಯಲ್ಲಿ ನೀರಿರುತ್ತದೆ.

‘ಸಾಲಿ ಹುಡುಗರು ಹೋಗೋ ಜಾಗ’ ಎಂಬ ಮಾತಿಗೆ ನನ್ನ ಕಡೆ ಒಂದು ಉತ್ತರವಿದೆ. ಮದುವೆಯಾಗಿ ವಿಜಯಪುರಕ್ಕೆ ಬಂದು ಹದಿನಾಲ್ಕು ವರ್ಷ ನಾನು ಗೋಳಗುಮ್ಮಟದ ಮೇಲೆ ಹತ್ತಿರಲಿಲ್ಲ. ಸಂತೆಗೆ ಹೋಗುವಾಗ, ಸ್ಟೇಷನ್ನಿಗೆ ಹೋಗುವಾಗ ಕಾಣುತ್ತಿತ್ತು, ಅಷ್ಟೇ. ಬೆಂಗಳೂರಿನಿಂದ ನೆಂಟರು ಬಂದಾಗ ಅವರ ಜೊತೆ ಒಂದು ಬೆಳಿಗ್ಗೆ, ಜನ ಬರುವ ಮೊದಲೇ ಹೋದೆವು. ನಮ್ಮ ಅತ್ತೆಯವರೂ ಬಂದರು. ಏಳು ಅಂತಸ್ತಿನ ಮೂಲೆಗೋಪುರದ ಮೆಟ್ಟಿಲನ್ನು ಕೂತು ಕೂತು ಹತ್ತಿದರು. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ನಾನು ಒಂದು ಕಡೆ ನಿಂತೆ, ಅವರು ಎದುರು ಕಡೆ ಗೋಡೆಗೆ ಬಾಯಿಟ್ಟರು. ನಡುವೆ ಸುಮಾರು 38 ಮೀಟರ್ ಬಯಲು, ಕೆಳಗೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ. ಗೋಡೆಯೊಳಗಿಂದ ನನ್ನ ಹೆಸರು ಕೇಳಿಸಿತು. ಬರಿಯ ಹೆಸರು, ಮೆಲ್ಲಗೆ. ಆ ಮನೆಯಲ್ಲಿ ನಾನು ಇಂಥವರ ಹೆಂಡತಿ, ಇಂಥವರ ಅವ್ವ ಆಗಿದ್ದೆ. ಅತ್ತೆಯವರು ನನ್ನನ್ನು ‘ಏ ಇವಳೇ’ ಎಂದೇ ಕರೆಯುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಕೇಳಿದ್ದು ಅವತ್ತೇ ಮೊದಲು. ಆ ಗುಮ್ಮಟ ಮಾತನ್ನು ಮತ್ತೆ ಮತ್ತೆ ತಿರುಗಿ ಕೊಡುತ್ತದೆ. ಹೆಸರು ಸುತ್ತಿ ಸುತ್ತಿ ಬಂತು, ನನ್ನ ಕಣ್ಣಲ್ಲಿ ನೀರು ಬಂದಿತ್ತು. ಮನೆಯಿಂದ ಅಲ್ಲಿಗೆ ಎರಡು ಕಿಲೋಮೀಟರ್ ಇಲ್ಲ.

ನಿಮ್ಮ ಮನೆಯವರು ಸಾಲಿ ಟ್ರಿಪ್ಪಿಗೆ ಹೋಗಿ ನೋಡಿದ ಬಾದಾಮಿಯನ್ನು ಅಪ್ಪನಾಗಿ ಇನ್ನೂ ನೋಡಿಲ್ಲ. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ, 578ನೆಯ ಇಸವಿಯ ಶಾಸನವಿದೆ. ಐಹೊಳೆಯ ಮೇಗುಟಿ ಗುಡ್ಡದ ಬಸದಿಯಲ್ಲಿ ರವಿಕೀರ್ತಿ ಎರಡನೆಯ ಪುಲಕೇಶಿಯ ವಿಜಯಗಳನ್ನು ಬರೆದದ್ದು 634ರಲ್ಲಿ. ಏಳನೆಯ ಇಯತ್ತೆಯ ಹುಡುಗಿ ಆ ಎರಡು ಇಸವಿಗಳನ್ನು ಪುಸ್ತಕದಲ್ಲಿ ಓದುವುದು ಒಂದು ರೀತಿ, ಅಪ್ಪನ ಕೈ ಹಿಡಿದು ಆ ಅಕ್ಷರದ ಮುಂದೆ ನಿಲ್ಲುವುದು ಇನ್ನೊಂದು ರೀತಿ. ಪಟ್ಟದಕಲ್ಲಿಗೆ ಹೋದಾಗ ವಿರೂಪಾಕ್ಷ ಗುಡಿಯ ಎದುರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅದನ್ನು ಕಟ್ಟಿಸಿದವಳು ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಗೆದ್ದು ಬಂದ ರಾಜನ ಹೆಸರಿಗಿಂತ ಕಟ್ಟಿಸಿದ ಹೆಂಗಸರ ಹೆಸರು ನಿಮ್ಮ ಮಗಳಿಗೆ ಮೊದಲು ಗೊತ್ತಾಗಲಿ ಎಂದು ನನ್ನಾಸೆ. ಆ ಗುಡಿಗಳ ಪಕ್ಕದಲ್ಲೇ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಅದೇ ನೀರು ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡುತ್ತದೆ. ಐಹೊಳೆ ಮುಗಿಸಿ ಸಂಗಮಕ್ಕೆ ಹೋಗುವಾಗ ಇದನ್ನು ಮಗನಿಗೆ ಹೇಳಿ, ನದಿಯ ಜೊತೆಗೇ ಪ್ರಯಾಣ ಮಾಡಿದ ಹಾಗಾಗುತ್ತದೆ.

ನವನಗರದವರು ಅಂದಿರಿ. ನಿಮ್ಮ ಮನೆತನ ಮುಳುಗಡೆಯಲ್ಲಿ ಎದ್ದು ಬಂದದ್ದಾಗಿದ್ದರೆ ಹೊರಡುವ ಮೊದಲು ಒಂದು ಸಂಜೆ ಹಳೆ ಊರಿನ ಕಡೆಗೂ ಮಕ್ಕಳನ್ನು ಕರೆದೊಯ್ಯಿರಿ. ಆಲಮಟ್ಟಿಯ ಹಿನ್ನೀರು ನಿಂತ ಕಡೆ ಬೆರಳು ತೋರಿಸಿ, ‘ಅಲ್ಲಿ ನಮ್ಮ ಓಣಿ ಇತ್ತು’ ಎಂದು ಅವರಪ್ಪನೇ ಹೇಳಲಿ. ಅದಕ್ಕೆ ಟಿಕೆಟ್ಟಿಲ್ಲ.

ಇನ್ನು ನಡೆಯುವ ದಾರಿಯ ಮಾತು. 2023ರ ಜೂನ್‌ನಿಂದ ಸರಕಾರಿ ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಿಮಗೂ ಮಗಳಿಗೂ ಚಾರ್ಜಿಲ್ಲ. ಇಬ್ಬರದೂ ಆಧಾರ್ ಕಾರ್ಡು ಕೈಚೀಲದಲ್ಲಿರಲಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಕೇಳುವುದಿಲ್ಲ. ಬಾದಾಮಿಯ, ಐಹೊಳೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ಸೂಟಿ, ಆ ದಿನ ತಪ್ಪಿಸಿ. ಗುಹೆಗಳ ಹತ್ತಿರ ಮಂಗಗಳ ಕಾಟ ಬಹಳ. ಕೈಯಲ್ಲಿ ತಿನಿಸು ಹಿಡಿಯಬೇಡಿ. ಬುತ್ತಿ ಬೇಡ ಅನ್ನಲು ಅದೂ ಒಂದು ಕಾರಣ.

ಕಾಶ್ಮೀರವನ್ನು ಮಾತ್ರ ‘ಬೇಡ’ದಲ್ಲಿ ಮುಗಿಸಬೇಡಿ. ತಿಂಗಳಿಗೆ ನಾಲ್ಕು ಸಾವಿರ ತೆಗೆದಿಟ್ಟರೆ ಮೂವತ್ತು ತಿಂಗಳಿಗೆ 1,20,000 ಆಗುತ್ತದೆ, ಮೇಲಿನ ಬಡ್ಡಿ ಈ ಸಲ ನಿಮ್ಮ ಕಡೆಗೆ ಬರುತ್ತದೆ. ತಿಂಗಳು ತಿಂಗಳು ಕಟ್ಟುವ ಠೇವಣಿ, ಅಂದರೆ ಆರ್‌ಡಿ, ಅಂಚೆ ಕಚೇರಿಯಲ್ಲಿ ಐದು ವರ್ಷದ್ದು, ನಿಮಗೆ ಉದ್ದವಾಯಿತು. ಬ್ಯಾಂಕಿನಲ್ಲಿ ಬೇಕಾದಷ್ಟು ತಿಂಗಳಿಗೆ ಸಿಗುತ್ತದೆ. ಖಾತೆ ಅವರ ಹೆಸರಿನಲ್ಲೇ ಇರಲಿ. ಪಾಸ್‌ಬುಕ್ಕಿನ ಮೇಲೆ ‘ಕಾಶ್ಮೀರ’ ಎಂದು ನೀವು ನಿಮ್ಮ ಕೈಯಾರೆ ಬರೆದು ಅವರಿಗೆ ಕೊಡಿ. ನಾಲ್ಕು ಸಾವಿರ ಕಷ್ಟವಾದರೆ ಮೂರು. ನಲವತ್ತು ತಿಂಗಳಾಗುತ್ತದೆ, ಗುಡ್ಡ ಎಲ್ಲಿಗೂ ಹೋಗುವುದಿಲ್ಲ.

ಕೊನೆಗೆ ಪೆನ್ಸಿಲ್ ಅಕ್ಷರದವಳ ಮಾತು. ಅವ್ವ ಒಂದು ಊರು ಹೇಳಿದಳು, ಅಪ್ಪ ಒಂದು ಊರು ಹೇಳಿದ, ಆ ಹುಡುಗಿಯನ್ನು ಇಬ್ಬರೂ ಕೇಳಿದ ಹಾಗೆ ಕಾಣಲಿಲ್ಲ. ಅವಳು ಕೇಳಿದ್ದು ವಿಮಾನದ ಊರಲ್ಲ. ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಕಾರವಾರದ ಬಸ್ಸು ಹಿಡಿದರೆ ಅದೇ ದಿನ ಸಂಜೆಯೊಳಗೆ ಸಮುದ್ರದ ಮುಂದೆ ನಿಂತಿರುತ್ತಾಳೆ. ಮಳೆಗಾಲದಲ್ಲಿ ಮಾತ್ರ ಬೇಡ, ಆಗ ಅಲೆಗಳ ಹತ್ತಿರ ಸುಳಿಯುವಂತಿಲ್ಲ. ಡಿಸೆಂಬರ್ ಒಳ್ಳೆಯದು. ಯಲ್ಲಾಪುರ ದಾಟಿದ ಮೇಲೆ ಬಸ್ಸು ಅರಬೈಲ್ ಘಾಟ್ ಇಳಿಯುತ್ತದೆ. ನಮ್ಮ ಎರೆಹೊಲ ನೋಡಿ ಬೆಳೆದ ಕಣ್ಣಿಗೆ ಅಷ್ಟು ದಟ್ಟ ಕಾಡೇ ಒಂದು ಬೆರಗು. ಅಂಕೋಲೆ ಹತ್ತಿರವಾಗುತ್ತಿದ್ದಂತೆ ಗಾಳಿ ಬದಲಾಗುತ್ತದೆ, ಮೈಗೆ ಅಂಟುತ್ತದೆ. ಆಗ ಅವಳು ಮಲಗಿದ್ದರೆ ಎಬ್ಬಿಸಿ. ಕಿಟಕಿ ಪಕ್ಕದ ಸೀಟು ಅವಳಿಗೇ ಕೊಡಿ, ತಮ್ಮ ಎಷ್ಟು ಜಗಳ ತೆಗೆದರೂ.

ನಿಮ್ಮ ಅಕ್ಕ,
ಸಂಪಾದಕಿ
ವಿಜಯಪುರ